ಪಂಜರದ ನೆಲಗುಬ್ಬಿಯ ಉಗುರು

ಜೀವನ್ ಬಿಮಾ ನಗರ
14 ಫೆಬ್ರವರಿ 2006

ಕಮರುನ್ನೀಸಾ ಆಪಾ ಅವರಿಗೆ ಅನಂತರಾಮು ಮಾಡುವ ನಮಸ್ಕಾರ. ನಿಮ್ಮ ಸೊಸೆ ವಾಜಿದಾ ಇದನ್ನು ಓದಿ ಹೇಳಲಿ.

1998ರ ಅಕ್ಟೋಬರಿನಲ್ಲಿ ನಮ್ಮ ಹಕ್ಕಿ ವೀಕ್ಷಕರ ಸಂಘದ ಪತ್ರಿಕೆ ನಿಮಗೆ ಅನ್ಯಾಯ ಮಾಡಿತು. ನೀವು ಕಂಡುಹಿಡಿದದ್ದನ್ನು ನಿಮ್ಮ ಹೆಸರಿಲ್ಲದೆ ಅಚ್ಚುಹಾಕಿತು. ಈಗ ಬಂದಿರುವ ಬೆಳ್ಳಿಹಬ್ಬದ ಸಂಪುಟದಲ್ಲೂ ಅದೇ ಟಿಪ್ಪಣಿ, ಹಾಗೆಯೇ.

ಆ ವರ್ಷ ನಾನು ಬೀಗುತ್ತಿದ್ದೆ. ಸಂಘದ ಬೀರುವಿನಲ್ಲಿ ಒಣಗಿಸಿ ಹತ್ತಿ ತುಂಬಿಟ್ಟಿದ್ದ ಒಂಬತ್ತು ನೆಲಗುಬ್ಬಿಗಳನ್ನು ಅಳೆದಿದ್ದೆ. ಬೇರೆ ಊರಿನವಕ್ಕಿಂತ ರೆಕ್ಕೆ ಗಿಡ್ಡ, ಹಿಂಬೆರಳಿನ ಉಗುರು ಉದ್ದ. ಹೊಸ ಉಪಪ್ರಭೇದವೇ ಸರಿ ಎಂದು, ಶಾಸ್ತ್ರೀಯ ಹೆಸರಿನ ಮೂರನೆಯ ಪದವಾಗಿ ನನ್ನ ಹೆಂಡತಿ ಜಲಜಾಳ ಹೆಸರನ್ನು ಲ್ಯಾಟಿನ್ನಿಗೆ ಒಗ್ಗಿಸಿ ಬರೆದೂ ಆಗಿತ್ತು. ಹಕ್ಕಿಗಳ ಕಾಲಿನ ಚೀಟಿಯಲ್ಲಿ ‘ದೊಮ್ಮಲೂರು, ಹಿಡಿದವರು ಅಕ್ತರ್, ಶಿವಾಜಿನಗರ’ ಎಂದಿತ್ತು. ಯಾವ ಹೊಲದಲ್ಲಿ ಹಿಡಿದದ್ದೆಂದು ಕೇಳಲು ನಿಮ್ಮ ಮನೆ ಹುಡುಕಿ ಬಂದೆ. ನಿಮ್ಮ ಯಜಮಾನರು ಅಕ್ತರ್ ಸಾಹೇಬರು ಆಗಲೇ ತೀರಿಹೋಗಿದ್ದರು. ನಾನು ತಂದಿದ್ದ ಹಕ್ಕಿಯೊಂದನ್ನು ನೀವು ಮಗುಚಿ ನೋಡಿ ನಕ್ಕಿರಿ.

“ಇದು ಹಾಡೋದಕ್ಕೆ ವರ್ಷಗಟ್ಟಲೆ ಪಂಜರದಲ್ಲಿ ಇಟ್ಟಿದ್ದ ಹಕ್ಕಿ ಸಾರ್. ಓಡೋಕೆ ನೆಲ ಇಲ್ಲ, ಉಗುರು ಹೆಂಗೆ ಸವೀತದೆ? ರೆಕ್ಕೆ ಕಡ್ಡಿಗೆ ಉಜ್ಜಿ ಉಜ್ಜಿ ಗಿಡ್ಡ ಆಗ್ತದೆ. ನಿಮ್ಮ ಮನೆಯವ್ರ ಹೆಸರಿಗೆ ಬೇರೆ ಹಕ್ಕಿ ನೋಡಿ.”

ಆಮೇಲೆ ಚಹಾ ಕೊಟ್ಟಿರಿ, ಸಕ್ಕರೆ ಜಾಸ್ತಿ ಹಾಕಿ. ಇಲ್ಲದ ಹಕ್ಕಿಯೊಂದನ್ನು ಲೋಕಕ್ಕೆ ಸಾರಿ ನಗೆಪಾಟಲಾಗಲಿದ್ದವನನ್ನು ಉಳಿಸಿದಿರಿ. ಅಂದಿನಿಂದ ಯಾವ ಹಕ್ಕಿಯನ್ನು ಅಳೆಯುವಾಗಲೂ ಮೊದಲು ಅದು ಬದುಕಿದ್ದು ಹೇಗೆಂದು ಕೇಳಿಕೊಳ್ಳುತ್ತೇನೆ. ನನಗೆ ಪಾಠ ಹೇಳಿದವರು ಬಹಳ ಜನ. ಕಣ್ಣು ಕೊಟ್ಟವರು ನೀವು.

ಹೆಸರಿಟ್ಟವನ ಹೆಸರನ್ನೂ ಇಸವಿಯನ್ನೂ ಹಕ್ಕಿಯ ಹೆಸರಿನ ಜೊತೆಗೇ ಬರೆಯುವ ಶಾಸ್ತ್ರ ಇದು. ತಪ್ಪು ಹೆಸರು ತಡೆದವರಿಗೆ ಅದರಲ್ಲಿ ಒಂದು ಸಾಲೂ ಇಲ್ಲವೇ? ನಿಮ್ಮ ಮಾತನ್ನು ಟಿಪ್ಪಣಿಯಾಗಿ ಬರೆದುಕೊಟ್ಟವನು ನಾನು; ಅದರಲ್ಲಿದ್ದ ನಿಮ್ಮ ಹೆಸರನ್ನು ಸಂಪಾದಕರು ಹೊಡೆದುಹಾಕಿರಬೇಕು. ಬಿಡುವುದಿಲ್ಲ.

ನಿಮ್ಮ ಋಣದಲ್ಲಿರುವ,
ಅನಂತರಾಮು

ಮರೆತ ಮಾತು: ಇಷ್ಟು ಬರೆದು ಮಧ್ಯಾಹ್ನ ಸಂಘಕ್ಕೆ ಹೋಗಿ ಕಾರ್ಯದರ್ಶಿ ಶ್ರೀಹರಿಯನ್ನು ತರಾಟೆಗೆ ತೆಗೆದುಕೊಂಡೆ. ಅವನು 1998ರಲ್ಲಿ ನಾನು ಕೊಟ್ಟಿದ್ದ ಕೈಬರಹದ ಟಿಪ್ಪಣಿಯನ್ನು ಕಡತದಿಂದ ತೆಗೆದು ಮುಂದಿಟ್ಟ. ಯಾರೂ ಏನನ್ನೂ ಹೊಡೆದುಹಾಕಿಲ್ಲ. ‘ನಾನು ಕೂಲಂಕಷವಾಗಿ ಪರಿಶೀಲಿಸಿದಾಗ ತಿಳಿದುಬಂದಂತೆ’ ಎಂದು ನಾನೇ ಬರೆದಿದ್ದೇನೆ. ಮೇಲಿನ ಕಾಗದ ಹರಿಯದೆ ಹಾಗೆಯೇ ಕಳಿಸುತ್ತಿದ್ದೇನೆ. ಭಾನುವಾರ ಹತ್ತಕ್ಕೆ ಹಲಸೂರಿನಲ್ಲಿ ಸಂಘದ ಸಭೆ. ವಾಜಿದಾಳನ್ನು ಕರೆದುಕೊಂಡು ಬನ್ನಿ. ನಿಮ್ಮ ಹೆಸರು ಯಾಕಿಲ್ಲವೆಂದು ಎಲ್ಲರೆದುರು ನನ್ನನ್ನೇ ಕೇಳಿ. ಉತ್ತರ ಪಡೆಯದೆ ಎದ್ದು ಹೋಗಬೇಡಿ.