ಕಿವಿ ಕತ್ತರಿಸಿದ ದೊರೆಸಾನಿ

ಲಾಯದ ಮನೆ,
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ತಮ್ಮಾ,

ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ಕಷಾಯ ಕುಡಿಯುತ್ತಿದ್ದೀಯೋ, ಇಲ್ಲ ಎಲ್ಲ ಭಾರವನ್ನೂ ಡಾಕ್ಟರ ಮೇಲೆ ಹಾಕಿ ಫ್ಯಾನಿನ ಕೆಳಗೆ ಕೂತಿದ್ದೀಯೋ? ನನ್ನ ಆರೋಗ್ಯ ನೆಟ್ಟಗಿದೆ. ನೆಟ್ಟಗಿತ್ತು ಅನ್ನಬೇಕು, ನಿನ್ನೆ ನಿನ್ನ ಮಗಳು ಆ ಪಟ ತಂದು ಗೋಡೆಗೆ ಒರಗಿಸುವವರೆಗೆ. ಪಾಪ, ಆ ಹುಡುಗಿಗೆ ಏನೂ ಗೊತ್ತಿಲ್ಲ. "ಅತ್ತೆ, ಅಪ್ಪ ನಿಮಗೂ ಒಂದು ಮಾಡ್ಸಿದಾರೆ. ತಾತನ ಕುದುರೆ!" ಎಂದಳು. ನನ್ನ ಮೈಯೆಲ್ಲ ಉರಿದುಹೋಯಿತು. ಅವಳಿಗೆ ಕುಡಿಯಲು ನೀರು ಕೊಡುವುದನ್ನೂ ಮರೆತೆ.

ಕುದುರೆಯಂತೆ, ಕುದುರೆ! ಸ್ಟುಡಿಯೋದವನ ಕೈಗೆ ಅಪ್ಪನ ಫೋಟೋ ಕೊಟ್ಟು ಏನೇನು ಮಾಡಿಸಿದ್ದೀಯ ಮಹಾರಾಯ! ನಮ್ಮ ದೊರೆಸಾನಿಯ ಉದ್ದ ಕಿವಿಗಳನ್ನು ಅರ್ಧಕ್ಕೆ ಮೊಟಕು ಮಾಡಿಸಿದ್ದೀಯ. ಬಾಲಕ್ಕೆ ಕೂದಲು ತುಂಬಿಸಿದ್ದೀಯ. ಎರಡೂ ಕಡೆ ನೇತಾಡುತ್ತಿದ್ದ ಹಿಟ್ಟಿನ ಚೀಲಗಳು ಮಾಯ. ಮೊಣಕೈ ಹರಿದಿದ್ದ ಅಪ್ಪನ ಅಂಗಿ ಈಗ ಕೋಟು! ಬೀಗರಾಗುವವರ ಮುಂದೆ "ನಮ್ಮ ತಂದೆ ಕುದುರೆ ಸಾಕಿದ್ದರು" ಎಂದು ಕೊಚ್ಚಿಕೊಂಡೆಯಂತೆ, ಅವರು ಬಂದು ಕೂರುವ ಹಜಾರದಲ್ಲೂ ಇಂಥದ್ದೇ ಪಟ ತೂಗುಹಾಕಿದ್ದೀಯಂತೆ. ನಮ್ಮಪ್ಪ ಹೇಸರಗತ್ತೆ ಸಾಕಿದವರು ಕಣೋ. ಗಾಡಿ ಹತ್ತದ ಗುಡ್ಡದ ಊರುಗಳಿಗೆ ಹಿಟ್ಟು, ಉಪ್ಪು, ಸೀಮೆಎಣ್ಣೆ ಹೊರಿಸಿಕೊಂಡು ಹೋಗಿ ನಮ್ಮಿಬ್ಬರ ಹೊಟ್ಟೆ ತುಂಬಿಸಿದವರು. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ದೊರೆಸಾನಿಯ ತಂದೆ ಕತ್ತೆಯಾದರೂ ತಾಯಿ ಕುದುರೆ ತಾನೆ? ಅಷ್ಟು ಬೇಕಿದ್ದರೆ ಬೀಗರಿಗೆ ತಾಯಿಯ ಕಡೆಯ ಸಂಬಂಧ ಹೇಳಿಕೊಳ್ಳಬೇಕಿತ್ತು.

ಬೇರೆ ಪ್ರಾಣಿ ಮೂತಿಯಿಟ್ಟ ನೀರನ್ನು ಮುಟ್ಟದ ಅವಳ ಜಂಬ ನೋಡಿ ಆ ಹೆಸರಿಟ್ಟವನು ನೀನೇ. ಇಳಿಜಾರಿನಲ್ಲಿ ಲಗಾಮು ಸಡಿಲ ಬಿಡಿ, ದಾರಿ ಅವಳೇ ನೋಡಿಕೊಳ್ಳುತ್ತಾಳೆ ಎಂದು ಅಪ್ಪ ಹೇಳಿದರೆ, ನೀನು ಹಿಂದೆ ಕೂತು ಎರಡೂ ಕೈಯಲ್ಲಿ ನನ್ನ ಜಡೆ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ನನ್ನ ತಲೆ ಇಂದಿಗೂ ಆ ನೋವು ಮರೆತಿಲ್ಲ! ಒಬ್ಬಳೇ ಅವಳನ್ನು ಹತ್ತಿ ಗಿರಣಿಯವರೆಗೆ ಹೋಗಿ ಬಂದ ದಿನ ನನಗೆ ಯಾರ ಹಂಗೂ ಇಲ್ಲ ಅನ್ನಿಸಿತ್ತು. ಅಂಥ ಖುಷಿ ಆಮೇಲೆ ಯಾವ ಬಸ್ಸು, ಯಾವ ಕಾರೂ ಕೊಟ್ಟಿಲ್ಲ. ಚಳಿಯ ಬೆಳಗ್ಗೆ ಅವಳ ಕಿವಿಯ ಬುಡದಲ್ಲಿ ಬೆರಳಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆವಲ್ಲ, ಹಾಗೆ ಮುಟ್ಟಲು ಅವಳು ಬೇರೆ ಯಾರನ್ನೂ ಬಿಡುತ್ತಿರಲಿಲ್ಲ. ಅದೇ ಕಿವಿಗೆ ಕತ್ತರಿ ಹಾಕಿಸಲು ನಿನಗೆ ಮನಸ್ಸಾದರೂ ಹೇಗೆ ಬಂತು?

ಹಲಗೆ ಸೇತುವೆ ಮರೆತೆಯಾ? ಹಳ್ಳ ತುಂಬಿ ಹರಿಯುತ್ತಿತ್ತು. ನೀನೊಬ್ಬನೇ ಮೇಲೆ ಕೂತಿದ್ದೆ, ನಾನೂ ಅಪ್ಪನೂ ಹಿಂದೆ ನಡೆದು ಬರುತ್ತಿದ್ದೆವು. ಸೇತುವೆಯ ಹತ್ತಿರ ಬಂದವಳು ನಿಂತೇಬಿಟ್ಟಳು. ನೀನು ಒದ್ದೆ, ಬೈದೆ, ಅತ್ತು ಕರೆದು ರಂಪ ಮಾಡಿದೆ. ಅವಳು ನಾಲ್ಕು ಕಾಲೂ ಊರಿ ನಿಂತವಳು ಅಲ್ಲಾಡಲಿಲ್ಲ. ಅಪ್ಪ "ಅವಳು ಬೇಡ ಅಂದ್ರೆ ಬೇಡ, ಇಳಿಯೋ" ಎಂದು ನಿನ್ನನ್ನು ಕೆಳಗಿಳಿಸಿ, ದೊಡ್ಡದೊಂದು ಕಲ್ಲು ಎತ್ತಿ ಹಲಗೆಯ ಮೇಲೆ ಹಾಕಿದರು. ಹಲಗೆ ಕಲ್ಲಿನ ಸಮೇತ ಹಳ್ಳದ ಪಾಲಾಯಿತು. ಅಪ್ಪ ಅವಳ ಕುತ್ತಿಗೆ ತಬ್ಬಿಕೊಂಡು ಎಷ್ಟೋ ಹೊತ್ತು ಹಾಗೇ ನಿಂತಿದ್ದರು. ಕುದುರೆಯಾಗಿದ್ದರೆ ನೀನು ಹೇಳಿದ ಮಾತು ಕೇಳಿರುತ್ತಿತ್ತು, ತಮ್ಮಾ. ಇವತ್ತು ನಿನಗೆ ಹಜಾರವೂ ಇರುತ್ತಿರಲಿಲ್ಲ, ಬೀಗರೂ ಇರುತ್ತಿರಲಿಲ್ಲ.

ಆ ಪಟ ಇಳಿಸು. ಮೂಲ ಫೋಟೋ ನಿನ್ನ ಹತ್ತಿರವೇ ಇದೆ, ಅದನ್ನು ಹಾಕು. ಅಲ್ಲಿಯವರೆಗೆ ಮಗಳ ಮದುವೆಗೆ ನನ್ನನ್ನು ಕರೆಯಲೇಬೇಡ. ಅಪ್ಪನನ್ನು ಇದ್ದ ಹಾಗೆ ಒಪ್ಪಿಕೊಳ್ಳದ ಮನೆಯಲ್ಲಿ ನಾನು ಊಟಕ್ಕೆ ಕೂರುವವಳಲ್ಲ.

ಇಷ್ಟು ಬೈದ ಮೇಲೂ ನೀನು ನನ್ನ ತಮ್ಮನೇ, ಏನು ಮಾಡಲಿ. ಚೆನ್ನಾಗಿರು, ನೂರು ಕಾಲ ಬಾಳು. ನಿನ್ನ ಹೆಂಡತಿಗೂ ಈ ಕಾಗದ ಓದಿ ಹೇಳು, ಬೈಗುಳ ಹಾರಿಸದೆ.

ನಿನ್ನ ಅಕ್ಕ

ತಾ.ಕ.: ಬರೆದು ಮುಗಿಸುವಷ್ಟರಲ್ಲಿ ನಿನ್ನ ಮಗಳು ನನ್ನ ಹಿಂದೆ ನಿಂತು ಎಲ್ಲ ಓದಿಬಿಟ್ಟಿದ್ದಳು. ಓದಿದವಳು ಸುಮ್ಮನಿರದೆ ತಾನು ಮದುವೆಯಾಗಲಿರುವ ಹುಡುಗನಿಗೇ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಸಂಬಂಧ ಎಲ್ಲಿ ಮುರಿಯುತ್ತದೋ ಎಂದು ನಾನೂ ಫೋನಿಗೆ ಕಿವಿಯಿಟ್ಟೆ. ಅವನು ಕೇಳಿದ್ದು ಒಂದೇ ಮಾತು: "ಹೇಸರಗತ್ತೆ ಮೇಲೆ ನನ್ನನ್ನೂ ಹತ್ತಿಸ್ತಾರಾ?" ಭಾನುವಾರ ತಂದೆ ತಾಯಿಯನ್ನೂ ಕರೆದುಕೊಂಡು ಬರುತ್ತಾನಂತೆ. ಇಟ್ಟಿಗೆ ಭಟ್ಟಿಯವರು ತಮ್ಮ ಎರಡು ಹೇಸರಗತ್ತೆ ಕೊಡಲು ಒಪ್ಪಿದ್ದಾರೆ. ನೀನೂ ಬಾ, ಫೋಟೋ ತಗೊಂಡೇ ಬಾ. ಆದರೆ ಒಂದರ ಮೇಲೆ ಅಳಿಯನಾಗುವವನು, ಇನ್ನೊಂದರ ಮೇಲೆ ಬೀಗಿತ್ತಿಯಾಗುವವರು, ಅವರೇ ಬಾಯಿಬಿಟ್ಟು ಕೇಳಿದ್ದಾರೆ. ಬಸ್ಸು ಇಳಿದ ಮೇಲೆ ನೀನು ನಡೆದೇ ಬರಬೇಕು.