ಸೀಟಿನ ಹಿಂದಿನ ಟ್ಯಾಂಕ್

ಪುಟ್ಟಿಯ ಅಮ್ಮನಿಗೆ,

ನಾನೇ ಕಟ್ಟಿದ ಟ್ರಕ್ಕಿನ ಸೀಟಿನ ಹಿಂದಿದ್ದ ಟ್ಯಾಂಕನ್ನು ಬಿಚ್ಚಿದೆ. ತಳದ ಬೆಸುಗೆ ಒದ್ದೆಯಾಗಿತ್ತು. "ಪೆಟ್ರೋಲ್ ವಾಸ್ನೆ ಬರ್ತಿದೆ ಕಣ್ರೀ" ಎಂದು ನೀನು ಅಂದಾಗಲೆಲ್ಲ "ನಿನ್ ಮೂಗಿಗೆ ಬೇರೆ ಕೆಲಸ ಇಲ್ವಾ?" ಎನ್ನುತ್ತಿದ್ದೆ. ಪುಟ್ಟಿಯನ್ನು ಎತ್ತಿಕೊಂಡು ನೀನು ಇಳಿದುಹೋದ ದಿನವೂ ಅದನ್ನೇ ಅಂದೆ.

ಈಗ ಗಾಡಿ ಉರುಳಿದರೂ ಪೆಟ್ರೋಲ್ ಚೆಲ್ಲದ, ರೇಸ್ ಗಾಡಿಗಳಿಗೆ ಹಾಕುವ 'ಫ್ಯೂಯಲ್ ಸೆಲ್' ಎಂಬ ಟ್ಯಾಂಕನ್ನು ಹಿಂಬದಿಯ ಚೌಕಟ್ಟಿಗೆ ಉಕ್ಕಿನ ಪಟ್ಟಿಗಳಿಂದ ಬಿಗಿದಿದ್ದೇನೆ. ಪೈಪುಗಳನ್ನು ಮೂರು ಸಲ ಬಿಚ್ಚಿ ಜೋಡಿಸಿದೆ. ಆದರೂ ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ವರ್ಷ ಪೆಟ್ರೋಲಿನಲ್ಲೇ ಕೈ ತೊಳೆದ ನನಗೆ ಅದರ ವಾಸನೆ ತಿಳಿಯುವುದಿಲ್ಲ. ಇದನ್ನು ನಿನಗೆ ಎಂದೂ ಹೇಳಿರಲಿಲ್ಲ.

ಭಾನುವಾರ ಬಂದು, ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಒಳಗೆ ಕೂತು ನೋಡು. ವಾಸನೆ ಬಂದರೆ ಏನೂ ಹೇಳದೆ ಇಳಿದು ಹೋಗು. ನಾನು ಮತ್ತೆ ಪೈಪು ಬಿಚ್ಚುತ್ತೇನೆ. ವಾಸನೆ ಇಲ್ಲದಿದ್ದರೆ ಒಮ್ಮೆ ಹಾರ್ನ್ ಒತ್ತು. ನಾನು ಹೊರಗೇ ನಿಂತಿರುತ್ತೇನೆ.

ಇಂತಿ,
ಮೂಗಿಲ್ಲದವನು