ಆಚೆ ರಾಜ್ಯದ ಪಾಠ, ಈಚೆ ರಾಜ್ಯದ ಪರೀಕ್ಷೆ

ಹೊಸಂಗಡಿ, ಜನವರಿ 2019

ಮಾನ್ಯ ಶಿಕ್ಷಣಾಧಿಕಾರಿಗಳೇ,

ಹೆದರಿಕೊಂಡೇ ಬರೆಯುತ್ತಿದ್ದೇನೆ. ಬರುವ ಮಾರ್ಚಿನಲ್ಲಿ ನನ್ನ ಮಗಳು ಭವ್ಯಶ್ರೀ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬೇಕು. ಅವಳ ಕನ್ನಡ ಮಾಧ್ಯಮದ ತರಗತಿಗೆ ಗಣಿತ ಕಲಿಸಲು ತಾವು ಕಳಿಸಿದವರಿಗೆ ಕನ್ನಡವೇ ಬಾರದು.

ಆ ಮಾಸ್ತರರ ಮೇಲೆ ನನಗೆ ಸಿಟ್ಟಿಲ್ಲ. ಪಾಪದ ಮನುಷ್ಯ. ಬೋರ್ಡಿನಲ್ಲಿ ಲೆಕ್ಕ ಬರೆಯುತ್ತಾರೆ, ಮಲಯಾಳದಲ್ಲಿ ಏನೋ ಹೇಳುತ್ತಾರೆ, ಮಕ್ಕಳು ಸುಮ್ಮನೆ ತಲೆಯಾಡಿಸುತ್ತಾರೆ. ಓಣಂ ರಜೆ ಕಳೆದು ಅವರು ಬಂದಾಗ ನಾವು ಹೆತ್ತವರು ಸಭೆಯಲ್ಲಿ ದೂರಿದೆವು. ತಾವು ಹೇಳಿದಿರಿ: "ಇದು ಯಾವ ಕಾಲ? ಎಲ್ಲ ಪಾಠವೂ ಇಂಟರ್‌ನೆಟ್ಟಿನಲ್ಲಿ ಧರ್ಮಕ್ಕೆ ಉಂಟು. ಮಕ್ಕಳ ಕೈಗೆ ಮೊಬೈಲು ಕೊಡಿ." ನಾವು ಚಪ್ಪಾಳೆ ತಟ್ಟಿದೆವು. ಜ್ಞಾನದ ಬಾಗಿಲು ತೆರೆದಿದೆ ಎಂದು ಅಧಿಕಾರಿಗಳೇ ಅಪ್ಪಣೆ ಕೊಡಿಸಿದ ಮೇಲೆ, ಒಳಗೆ ಯಾವ ಭಾಷೆ ಎಂದು ಕೇಳುವ ಧೈರ್ಯ ಹೊಲಿಗೆ ಅಂಗಡಿಯವಳಿಗೆ ಎಲ್ಲಿಂದ ಬರಬೇಕು?

ಭವ್ಯಶ್ರೀ ಹುಡುಕಿದಳು. ನಮ್ಮ ಪಠ್ಯದ ಪಾಠಗಳು ಅವಳಿಗೆ ಸಿಕ್ಕಿದ್ದು ಮಲಯಾಳದಲ್ಲಿ. ಕನ್ನಡದಲ್ಲಿ ಸಿಕ್ಕಿದವರು ಒಬ್ಬ ಮೇಡಂ. ಎಷ್ಟು ಚಂದ ಕಲಿಸುತ್ತಿದ್ದರೆಂದರೆ, ಪಕ್ಕದಲ್ಲಿ ಬಟ್ಟೆ ಕತ್ತರಿಸುತ್ತಿದ್ದ ನನಗೂ ಅರ್ಥವಾಗುತ್ತಿತ್ತು. "ಅಮ್ಮ, ಇವರು ಹೇಳಿದ್ರೆ ಸೀದಾ ತಲೆಗೆ ಹೋಗ್ತದೆ" ಎಂದಳು ಮಗಳು. ಪುಸ್ತಕಕ್ಕೂ ಪಾಠಕ್ಕೂ ತಾಳೆಯಾಗದಿದ್ದಾಗ, ಮೇಡಂ ಮುಂದಿನದ್ದನ್ನು ಮೊದಲೇ ಕಲಿಸುತ್ತಿದ್ದಾರೆ ಎಂದುಕೊಂಡಳು. ಕನ್ನಡ ಕಿವಿಗೆ ಬಿದ್ದರೆ ಸಾಕು, ಇದು ನಮ್ಮದೇ ಎಂದು ನಂಬಿಬಿಡುವುದು ನಮ್ಮ ಕಡೆಯವರ ಚಾಳಿ. ಅದು ಗಡಿಯಾಚೆಯ ಕರ್ನಾಟಕದ ಪಠ್ಯ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಕ್ರಿಸ್‌ಮಸ್ ಪರೀಕ್ಷೆಯಲ್ಲಿ ಗೊತ್ತಾಯಿತು. ಕಲಿತದ್ದರಲ್ಲಿ ಬಹುಪಾಲು ಕೇಳಿರಲಿಲ್ಲ, ಕೇಳಿದ್ದು ಕಲಿತಿರಲಿಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೆ? ಆ ಮೇಡಂ ತಮ್ಮ ರಾಜ್ಯದ ಮಕ್ಕಳಿಗೆ ಕಲಿಸಿದರು, ಅದು ತಪ್ಪೇ? ನಮ್ಮ ಮಕ್ಕಳಿಗೆ ಕಲಿಸಬೇಕಾದವರು ಯಾರು ಸ್ವಾಮೀ? ಉಚಿತ ಪಾಠ ಇದ್ದ ಮಾತ್ರಕ್ಕೆ ಅಧ್ಯಾಪಕರು ಬೇಡವೆಂದು ತಮಗೆ ಯಾರು ಹೇಳಿದರು?

ಅವಳು ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅಳುವುದಿಲ್ಲ, ಪುಸ್ತಕವನ್ನೂ ಮುಟ್ಟುವುದಿಲ್ಲ. ಅದಕ್ಕೇ ನನಗೆ ಹೆದರಿಕೆ.

ನಮ್ಮ ಪಠ್ಯದ ಪಾಠಗಳನ್ನು ಕನ್ನಡದಲ್ಲೂ ಮಾಡಿಸಿ ಹಾಕಿ. ಮುಂದೆ ಬರುವ ಮಕ್ಕಳಿಗೆ ಉಪಕಾರವಾದೀತು. ಆದರೆ ಮಾರ್ಚ್ ತಿಂಗಳು ಅದಕ್ಕಾಗಿ ಕಾದು ಕೂರುವುದಿಲ್ಲ. ಈ ವಾರವೇ ಕನ್ನಡ ಬಲ್ಲ ಗಣಿತ ಅಧ್ಯಾಪಕರೊಬ್ಬರನ್ನು ಕಳಿಸಿಕೊಡಿ.

ನಿನ್ನೆ ಭವ್ಯಶ್ರೀ ಅಂಗಡಿಗೆ ಬಂದು ಮಿಶನಿನ ಮುಂದೆ ಕೂತಳು. "ನಾನಿನ್ನು ಇಲ್ಲೇ ಇರ್ತೇನೆ ಅಮ್ಮ. ಇದಕ್ಕೆ ಪರೀಕ್ಷೆ ಎಂತ ಇಲ್ಲ ಅಲ್ವಾ?" ನಗುತ್ತಲೇ ಕೇಳಿದಳು. ನಾನು ಕತ್ತರಿಸುತ್ತಿದ್ದ ಗಿರಾಕಿಯ ರವಿಕೆಗೆ ಅಡ್ಡ ಕತ್ತರಿ ಬಿತ್ತು. ಅವಳನ್ನು ಅಲ್ಲಿಂದ ಎಬ್ಬಿಸಲು ನಾನು ಏನು ಹೇಳಲಿ? ತಾವೇ ತಿಳಿಸಿ.

ಇಂತಿ,
ಗಡಿ ಎಲ್ಲಿದೆಯೆಂದು ತಡವಾಗಿ ತಿಳಿದುಕೊಂಡ
ಪಂಕಜಾಕ್ಷಿ